ಗುಡ್ಡದ ಪಾಲು

ಹೊಳಲ್ಕೆರೆ ಸೀಮೆಯ ಹಿರಿಯರೊಬ್ಬರು ಅಡಿಕೆ ತೋಟದ ಬದುವಿನ ಮೇಲೆ ಕುಳಿತು ಎದುರಿನ ಗುಡ್ಡವನ್ನು ನೋಡುತ್ತಿದ್ದರು. ಕಬ್ಬಿಣದ ಅದಿರಿಗಾಗಿ ಅದರ ನೆತ್ತಿಯನ್ನೇ ಅಗೆದಿದ್ದರು. ಲಾರಿಗಳೆಬ್ಬಿಸಿದ ಕೆಂಧೂಳು ಹಿಂಗಾರದ ಮೇಲೂ ಕುಳಿತಿತ್ತು. ಊರಿನಲ್ಲಿ ಮಾತ್ರ ಬೇರೆಯೇ ಲೆಕ್ಕ: ಲಿಂಗಾಯತರಿಗೆಷ್ಟು ಲಾರಿ, ನಾಯಕರಿಗೆಷ್ಟು ಕೂಲಿ, ಗೊಲ್ಲರಿಗೇನು, ಲಂಬಾಣಿಗಳಿಗೇನು! ಗುಡ್ಡದ ಲೆಕ್ಕವನ್ನು ಕೇಳಿದವರಾರು?

2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದಾಗ ಕೂಲಿ ತಪ್ಪಿದ್ದು ಎಲ್ಲ ಕೇರಿಗಳಿಗೂ. 2013ರಲ್ಲಿ ಮಿತಿಯೊಡನೆ ಮತ್ತೆ ಅನುಮತಿ ದೊರೆಯಿತು. ಹಳೆಯ ಲೆಕ್ಕವೂ ಮರಳಿತು.

“ತಾತಾ, ಕೊನೆಗೆ ನಮ್ಮೋರಿಗೆ ಎಷ್ಟು ಬಂತು?” ಎಂದ ಮೊಮ್ಮಗ.

ಹಿರಿಯರು ಹೆಗಲ ವಲ್ಲಿಯಿಂದ ಒಂದು ಅಡಿಕೆಯನ್ನು ಒರೆಸಿ, ಕೆಂಪಾದ ಬಟ್ಟೆಯನ್ನು ತೋರಿಸಿದರು:

“ಇದೊಂದು ಎಲ್ಲಾರಿಗೂ ಸಮನಾಗಿ ಬಂದೈತೆ, ಮಗಾ.”