ವಿಮಾನವೂ ಬೆಳ್ಳಕ್ಕಿಯೂ

ಮೂಡಿಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ರೈಲು ನಿಲ್ದಾಣವೂ ಇಲ್ಲ. ನಮಗಿರುವುದು ಬಸ್ಸು, ಜೀಪು ಮತ್ತು ವರ್ಷದಲ್ಲಿ ನಾಲ್ಕು ತಿಂಗಳು ಹೊಯ್ಯುವ ಮಳೆ. ಬಹು ಎತ್ತರದಲ್ಲಿ ಬೆಳ್ಳಿಯ ಗೆರೆಯೆಳೆದು ಹೋಗುವ ವಿಮಾನವನ್ನು ಕಾಫಿ ಕೊಯ್ಯುವ ಹೆಂಗಸರು ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಗಿಡದ ಕಡೆಗೆ ತಿರುಗುತ್ತಾರೆ. ಅದಕ್ಕಿಂತ ಹೆಚ್ಚಿನ ಸಂಬಂಧ ನಮ್ಮೂರಿಗೂ ವಿಮಾನಕ್ಕೂ ಇಲ್ಲ.

ಆದರೆ ಕ್ಯಾಮರಾ ನಮ್ಮೂರಿಗೆ ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ತೋಟ ಮಾಡಿಕೊಂಡು, ಹಕ್ಕಿಗಳ ಚಿತ್ರ ತೆಗೆಯುತ್ತಿದ್ದವರು. ಆದುದರಿಂದ ಉದ್ದನೆಯ ಲೆನ್ಸ್ ಹಿಡಿದು ನಡೆಯುವವರನ್ನು ಕಂಡರೆ ಇಲ್ಲಿಯ ಜನ ಬೆರಗಾಗುವುದಿಲ್ಲ, "ಹಕ್ಕಿಯೋ?" ಎಂದಷ್ಟೇ ಕೇಳುತ್ತಾರೆ. "ಅಲ್ಲ, ವಿಮಾನ" ಎಂದು ಉತ್ತರ ಕೊಟ್ಟವಳು ನನ್ನ ತಮ್ಮನ ಮಗಳೊಬ್ಬಳೇ ಇರಬೇಕು.

ಆಕೆ ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಳು. ತಮ್ಮನದು ಆರು ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಒಂದು ವರ್ಷದ ಮೆಣಸಿನ ದುಡ್ಡಿನಲ್ಲಿ ಒಂದು ಪಾಲು ತೆಗೆದು ಆತ ಮಗಳಿಗೆ ಆ ಲೆನ್ಸ್ ಕೊಡಿಸಿದ. ಜಗತ್ತಿನ ಎಲ್ಲ ಕಡೆಯಿಂದಲೂ ವಿಮಾನಗಳ ಛಾಯಾಚಿತ್ರಗಳನ್ನು ತರಿಸಿಕೊಂಡು, ಪರಿಶೀಲಿಸಿ, ಒಪ್ಪಿಗೆಯಾದುದನ್ನು ಮಾತ್ರ ಸೇರಿಸಿಕೊಳ್ಳುವ ಸಂಗ್ರಹಗಳುಂಟು. ಅಂಥ ಒಂದಕ್ಕೆ ಆಕೆ ಹನ್ನೊಂದು ಚಿತ್ರಗಳನ್ನು ಕಳುಹಿಸಿದಳು. ಹನ್ನೊಂದೂ ಹಿಂದಿರುಗಿದವು. 2024ರ ದೀಪಾವಳಿಗೆ ಊರಿಗೆ ಬಂದವಳು ಕ್ಯಾಮರಾವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ತಮ್ಮ ನನ್ನಲ್ಲಿಗೆ ಬಂದು, "ಅಣ್ಣಯ್ಯ, ನೀವೂ ಒಂದು ಕಾಲಕ್ಕೆ ಈ ಹುಚ್ಚಿನಲ್ಲಿದ್ದವರು. ಇವಳಿಗೆ ಇದು ಬರುತ್ತದೆಯೋ ಇಲ್ಲವೋ ನೋಡಿ ಹೇಳಿಬಿಡಿ. ಬಾರದಿದ್ದರೆ ಲೆನ್ಸ್ ಮಾರಿ ಮುಂದಿನ ವರ್ಷದ ಫೀಸು ಕಟ್ಟೋಣ" ಎಂದ. ಕೋಪದ ಮಾತಲ್ಲ, ಲೆಕ್ಕದ ಮಾತು. ಲೆಕ್ಕದ ಮಾತಿಗೆ ಉತ್ತರ ಕೊಡುವುದು ಕೋಪಕ್ಕೆ ಉತ್ತರ ಕೊಡುವುದಕ್ಕಿಂತ ಕಷ್ಟ.

ನಾನು ಒಂದು ರೋಲಿಗೆ ಹನ್ನೆರಡೇ ಚಿತ್ರ ಬರುತ್ತಿದ್ದ ಕಾಲದವನು. ಕತ್ತಲೆಕೋಣೆಯಲ್ಲಿ ಮುದ್ರಿಸಿ, ಸ್ಪರ್ಧೆಗಳಿಗೆ ಅಂಚೆಯಲ್ಲಿ ಕಳುಹಿಸಿ, ಹಿಂದಿರುಗಿದ ಲಕೋಟೆಗಳನ್ನು ಎಣಿಸಿದವನು. ಆಗ ಚಿತ್ರ ಏಕೆ ಹಿಂದಿರುಗಿತೆಂದು ಯಾರೂ ಬರೆಯುತ್ತಿರಲಿಲ್ಲ. ಈ ಹುಡುಗಿಗೆ ಪ್ರತಿಯೊಂದಕ್ಕೂ ಒಂದೊಂದು ಮಾತಿನ ಕಾರಣ ಬಂದಿತ್ತು: ಮಸುಕು, ವಾಲಿದೆ, ಚುಕ್ಕೆ, ಕತ್ತಲೆ, ಬಿಸಿಗಾಳಿ, ಅತಿ ತಿದ್ದುಪಡಿ. ಆಕೆಗೆ ಅವು ಬೈಗುಳಗಳಂತೆ ಕೇಳಿಸಿದ್ದವು. ನನಗೆ ಅವು ವೈದ್ಯರ ಚೀಟಿಯಂತೆ ಕಂಡವು.

ಚುಕ್ಕೆಯಿಂದ ತೊಡಗಿದೆವು. ವಿಮಾನದ ಚಿತ್ರದಲ್ಲಿ ಮುಕ್ಕಾಲು ಪಾಲು ಬರಿಯ ಆಕಾಶ; ಕ್ಯಾಮರಾದ ಸೆನ್ಸರಿನ ಮೇಲೆ ಕುಳಿತ ಒಂದು ಧೂಳಿನ ಕಣವೂ ಅಲ್ಲಿ ಬೂದು ಬಣ್ಣದ ಮಚ್ಚೆಯಾಗಿ ಕಾಣುತ್ತದೆ. ಕಾಡಿನ ಚಿತ್ರದಲ್ಲಿ ಅದು ಎಲೆಗಳ ನಡುವೆ ಅಡಗಿಬಿಡುತ್ತದೆ. ಅಪೆರ್ಚರನ್ನು ಎಫ್ 16ಕ್ಕೆ ಇಳಿಸಿ, ಮೋಡವಿಲ್ಲದ ಆಕಾಶವನ್ನು ಒಮ್ಮೆ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು ಬಿಳುಪುಗಳ ಅಂತರವನ್ನು ಹೆಚ್ಚಿಸಿ ನೋಡಿದರೆ ಎಲ್ಲ ಕಣಗಳೂ ಬೆಳಕಿಗೆ ಬರುತ್ತವೆ. ಏಳು ಸಿಕ್ಕಿದವು. ಮಲೆನಾಡಿನವರಿಗೆ ಧೂಳಿಗಿಂತ ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಹಿಡಿಯುವ ಬೂಷ್ಟು ಲೆನ್ಸಿನ ಒಳಗಾಜಿಗೂ ಜೇಡರ ಬಲೆಯಂತೆ ಹಬ್ಬುತ್ತದೆ. ಚರ್ಮದ ಚೀಲದಲ್ಲಿ ಕ್ಯಾಮರಾ ಮುಚ್ಚಿಡುವುದು ಅದನ್ನು ಸಾಕಿದಂತೆಯೇ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಹರಳು—ಇವೆರಡೂ ಇಲ್ಲದೆ ಈ ಊರಿನಲ್ಲಿ ಲೆನ್ಸ್ ಇಟ್ಟುಕೊಳ್ಳಬಾರದು.

ಕತ್ತಲೆಯ ದೋಷಕ್ಕೆ ಗುರು ಬೆಳ್ಳಕ್ಕಿ. ಕ್ಯಾಮರಾ ತನ್ನೆದುರಿನ ದೃಶ್ಯವೆಲ್ಲ ಸರಾಸರಿ ಬೂದು ಬಣ್ಣದ್ದೆಂದು ಭಾವಿಸಿ ಬೆಳಕನ್ನು ಅಳೆಯುತ್ತದೆ. ಪ್ರಕಾಶವಾದ ಆಕಾಶವನ್ನು ಕಂಡರೆ ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡುತ್ತದೆ. ವಿಮಾನದ ಹೊಟ್ಟೆ ಇದ್ದಲಾಗುತ್ತದೆ. ಹಿಂದೆ ಕಡುಹಸಿರು ಗುಡ್ಡವಿದ್ದರೆ ಬೆಳಕು ಸಾಲದೆಂದು ಹೆಚ್ಚಿಸುತ್ತದೆ. ಬಿಳಿಯ ವಿಮಾನ ಸುಣ್ಣದ ಗೋಡೆಯಾಗುತ್ತದೆ. ಗದ್ದೆಯಿಂದೆದ್ದ ಬೆಳ್ಳಕ್ಕಿ ಮೊದಲು ಕಾಡಿನ ಮುಂದೆ ಹಾರಿ, ಆಮೇಲೆ ಆಕಾಶಕ್ಕೇರುತ್ತದೆ. ಅರ್ಧ ನಿಮಿಷದಲ್ಲಿ ಎರಡು ಪಾಠಗಳೂ ಮುಗಿದವು. ಗುಡ್ಡದ ಮುಂದೆ ಬೆಳಕನ್ನು ಇಳಿಸಬೇಕು, ಆಕಾಶದಲ್ಲಿ ಏರಿಸಬೇಕು. ರೆಕ್ಕೆಯ ಗರಿಗಳು ಬಿಡಿಬಿಡಿಯಾಗಿ ಕಾಣುವವರೆಗೆ ಆಕೆ ನಾಲ್ಕು ಸಂಜೆ ಗದ್ದೆಯ ಬದುವಿನ ಮೇಲೆ ನಿಂತಳು. ಐದನೆಯ ಸಂಜೆ ನೆಗಡಿಯಾಗಿ ಮಲಗಿದಳು.

ಪ್ರೊಪೆಲರಿನ ಪಾಠ ನಡೆದದ್ದು ಹ್ಯಾಂಡ್‌ಪೋಸ್ಟಿನಲ್ಲಿ. ಆಕೆಯ ಚಿತ್ರಗಳಲ್ಲಿ ಒಂದು ಪ್ರೊಪೆಲರ್ ವಿಮಾನ ಆಕಾಶದಲ್ಲಿ ಅಂಟಿಸಿದ ಆಟಿಕೆಯಂತಿತ್ತು. ಜೆಟ್ ವಿಮಾನಕ್ಕೆ 1/1000 ಸೆಕೆಂಡು ಸರಿ. ತಿರುಗುವ ಅಲಗಿಗೆ ಅದು ಸಲ್ಲದು. ಪ್ರೊಪೆಲರ್ ನಿಮಿಷಕ್ಕೆ 1000 ಸುತ್ತು ತಿರುಗುತ್ತದೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 1/1000 ಸೆಕೆಂಡಿನಲ್ಲಿ ಅದು ತಿರುಗುವುದು 6 ಡಿಗ್ರಿ ಮಾತ್ರ, ನಿಂತಂತೆಯೇ. 1/100 ಸೆಕೆಂಡಿನಲ್ಲಿ 60 ಡಿಗ್ರಿ. ಆರು ಅಲಗುಗಳಿದ್ದರೆ ಒಂದರ ಜಾಡು ಮುಂದಿನದನ್ನು ಮುಟ್ಟಿ, ತುಂಬಿದ ಚಕ್ರವೇ ಕಾಣುತ್ತದೆ. ಆದರೆ ಅಷ್ಟು ನಿಧಾನದ ಷಟರಿಗೆ ವಿಮಾನದ ಮೈ ಮಸುಕಾಗದಿರಬೇಕಾದರೆ ಕ್ಯಾಮರಾ ಹಿಡಿದವರು ಸೊಂಟದಿಂದ ಮೇಲಕ್ಕೆ ವಿಮಾನದ ವೇಗದಲ್ಲಿಯೇ ತಿರುಗಬೇಕು. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು.

ಇದನ್ನು ಕಲಿಯಲು ವಿಮಾನ ಬೇಕಿಲ್ಲ, ಸರ್ಕಾರಿ ಬಸ್ಸು ಸಾಕು. 1/60 ಸೆಕೆಂಡಿನಲ್ಲಿ ಬಸ್ಸಿನ ನಂಬರು ಓದಲು ಬರಬೇಕು, ಚಕ್ರ ತಿರುಗುತ್ತಿರಬೇಕು, ಹಿಂದಿನ ಅಂಗಡಿಗಳು ಗೆರೆಗಳಾಗಬೇಕು ಎಂದು ನಿಯಮ ಹಾಕಿದೆ. ಮೊದಲ ದಿನ ಅರುವತ್ತು ಚಿತ್ರಗಳಲ್ಲಿ ಒಂದೂ ಇಲ್ಲ. ಡಿಸೆಂಬರ್ ರಜೆಯ ಕೊನೆಗೆ ಹತ್ತಕ್ಕೆ ಮೂರು. ಮೂರನೆಯ ದಿನದಿಂದ ಒಬ್ಬ ಡ್ರೈವರು ನಮ್ಮನ್ನು ಕಂಡ ಕೂಡಲೆ ಕೂದಲು ಸವರಿಕೊಳ್ಳತೊಡಗಿದ. ಆತನಿಗೆ ಒಂದು ಪ್ರತಿ ಕೊಟ್ಟೆವು.

ವಾಲಿದ ಚಿತ್ರವನ್ನು ನೇರ ಮಾಡುವುದು ಸುಲಭ. ವಿಮಾನದ ರೆಕ್ಕೆಯನ್ನು ಅಳತೆಗೋಲಾಗಿ ಹಿಡಿಯಬಾರದು, ಹಿಂದಿನ ದೀಪದ ಕಂಬವನ್ನೋ ಕಟ್ಟಡದ ಮೂಲೆಯನ್ನೋ ಹಿಡಿಯಬೇಕು, ಅಷ್ಟೆ. ಅತಿ ತಿದ್ದುಪಡಿಯ ಸಂಗತಿ ಹಾಗಲ್ಲ. ದೂರದ ಸಣ್ಣ ವಿಮಾನವನ್ನು ಕತ್ತರಿಸಿ ದೊಡ್ಡದು ಮಾಡಿ, ಅಂಚುಗಳನ್ನು ಹರಿತಗೊಳಿಸಿದರೆ ಮೈಯ ನೇರ ಗೆರೆ ಮೆಟ್ಟಿಲುಗಳಂತೆ ಒಡೆಯುತ್ತದೆ. ಸುತ್ತಲೂ ದೇವರ ಪಟದಲ್ಲಿರುವಂತೆ ಪ್ರಭಾವಳಿ ಮೂಡುತ್ತದೆ. ಬೆಳಕಿನಲ್ಲಿ ಇಲ್ಲದುದನ್ನು ಕಂಪ್ಯೂಟರು ಎಲ್ಲಿಂದ ತಂದುಕೊಟ್ಟೀತು? ಹತ್ತಿರ ಹೋಗಬೇಕು, ಇಲ್ಲವೇ ಬಿಟ್ಟುಬಿಡಬೇಕು. ಬಿಟ್ಟುಬಿಡುವುದನ್ನು ಕಲಿಯಲು ಆಕೆಗೆ ಬಸ್ಸಿನ ಪಾಠಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಬಿಸಿಗಾಳಿಗೆ ಮಾತ್ರ ಮದ್ದಿಲ್ಲ. ಬಿಸಿಲು ಕಾದ ಡಾಂಬರಿನ ಮೇಲೆ ಕುಣಿಯುವ ಬಿಸಿಲ್ಗುದುರೆಯೇ ರನ್‌ವೇಯ ಮೇಲೂ ಕುಣಿಯುತ್ತದೆ. ಅದರ ಮೂಲಕ ನೋಡಿದ ವಿಮಾನದ ಕಿಟಕಿಗಳು ನೀರಿನಲ್ಲಿ ಮುಳುಗಿದಂತೆ ಅಲುಗುತ್ತವೆ. ಎಷ್ಟು ಬೆಲೆಯ ಲೆನ್ಸಾದರೂ ಅದನ್ನೂ ಹಿಗ್ಗಿಸಿಯೇ ತೋರಿಸುತ್ತದೆ. ಬೆಳಗ್ಗೆ ಬೇಗ ಹೋಗಬೇಕು, ಅಥವಾ ನೆಲ ಬಿಟ್ಟು ಮೇಲೇರಿದ ವಿಮಾನವನ್ನೇ ಹಿಡಿಯಬೇಕು.

ನಿಲ್ಲುವ ಜಾಗಕ್ಕೆ ಪಂಚಾಂಗ ನೋಡೆಂದು ಹೇಳಿದಾಗ ಆಕೆ ನಕ್ಕಳು. ದೇವನಹಳ್ಳಿಯ ರನ್‌ವೇಗಳು ಪೂರ್ವಪಶ್ಚಿಮವಾಗಿವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುವುದರಿಂದ ದಕ್ಷಿಣದ ಬದಿಯಲ್ಲಿ ನಿಂತವರ ಬೆನ್ನಿಗೆ ಬಿಸಿಲು, ವಿಮಾನದ ಮುಖಕ್ಕೆ ಬೆಳಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಬೆಂಗಳೂರಿನ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ಅದೇ ಜಾಗ ಕೆಲಸಕ್ಕೆ ಬಾರದು. ನಿಲ್ದಾಣದ ಆವರಣದೊಳಗೆ ಅನುಮತಿಯಿಲ್ಲದೆ ಕ್ಯಾಮರಾ ಎತ್ತಬಾರದು. ನಿಷೇಧದ ಫಲಕವಿದ್ದ ಕಡೆ ನಿಲ್ಲಲೇಬಾರದು. ಇದನ್ನು ಮಾತ್ರ ನಾನು ಪಾಠವೆಂದಲ್ಲ, ದೊಡ್ಡಪ್ಪನ ಆಜ್ಞೆಯೆಂದೇ ಹೇಳಿದೆ.

ಜನವರಿಯಲ್ಲಿ ಒಂದು ಮುಂಜಾನೆ ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿಯಿಳಿದು ಮಂಗಳೂರಿನ ಬಜ್ಪೆಗೆ ಹೋದೆವು. ತಮ್ಮನೇ ಜೀಪು ನಡೆಸಿದ. ಸಾರ್ವಜನಿಕ ರಸ್ತೆಯ ಬದಿಯಲ್ಲಿ ಎರಡು ಗಂಟೆ ಕಾದ ಮೇಲೆ ಒಂದು ಎ.ಟಿ.ಆರ್. 72, ಆರು ಅಲಗಿನ ಪ್ರೊಪೆಲರುಗಳ ವಿಮಾನ, ಹಸಿರು ಗುಡ್ಡದ ಮುಂದೆ ಇಳಿದು ಬಂತು. ಬೆಳ್ಳಕ್ಕಿ, ಬಸ್ಸು ಎರಡೂ ಒಂದಾಗಿ ಬಂದಂತೆ! ಆಕೆ ಬೆಳಕನ್ನು ಇಳಿಸಿ, ಸೊಂಟ ತಿರುಗಿಸಿ, ಒಂಬತ್ತು ಚಿತ್ರ ತೆಗೆದಳು. ತಮ್ಮ ಎಳನೀರು ಕುಡಿಯುತ್ತ ಮಗಳನ್ನೇ ನೋಡುತ್ತಿದ್ದ, ವಿಮಾನವನ್ನು ನೋಡಲಿಲ್ಲ.

ಯಲಹಂಕದ ವಾಯುಪಡೆ ನೆಲೆಯಲ್ಲಿ 1996ರಿಂದ ನಡೆದುಬರುತ್ತಿರುವ ಏರೋ ಇಂಡಿಯಾ ಪ್ರದರ್ಶನ 2025ರಲ್ಲಿ ಫೆಬ್ರವರಿ 10ರಿಂದ 14ರವರೆಗೆ ಇತ್ತು. ಆಕೆ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರುಗಳಿಗಾಗಿಯೇ ನಿಧಾನದ ಷಟರನ್ನು ಅಭ್ಯಾಸ ಮಾಡಿದ್ದಳು. ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಒಂದು ಅಪಘಾತಕ್ಕೀಡಾದ ಮೇಲೆ ಅವುಗಳ ಹಾರಾಟವನ್ನೇ ನಿಲ್ಲಿಸಲಾಗಿತ್ತು. ಸೂರ್ಯಕಿರಣ ತಂಡದ ಹಾಕ್ ಜೆಟ್‌ಗಳು ಹಾರಿದವು. ಸಾವಿರದಷ್ಟು ಚಿತ್ರ ತೆಗೆದು ಬಂದವಳು, ಎರಡು ವಾರ ಕುಳಿತು ಆರನ್ನು ಉಳಿಸಿಕೊಂಡಳು. ಅವುಗಳಲ್ಲಿ ಎರಡು, ಬಜ್ಪೆಯದು ಒಂದು, ಹೀಗೆ ಮೂರನ್ನು ಸಂಗ್ರಹಕ್ಕೆ ಕಳುಹಿಸಿದಳು.

ಬಜ್ಪೆಯ ಎ.ಟಿ.ಆರ್. ಒಪ್ಪಿಗೆಯಾಯಿತು. ಹಾಕ್ ಒಪ್ಪಿಗೆಯಾಯಿತು. ರಷ್ಯದ ಸುಖೋಯ್ 57 ನೆಲದ ಮೇಲೆ ಸಾಗುತ್ತಿದ್ದ ಚಿತ್ರ "ಬಿಸಿಗಾಳಿ" ಎಂದು ಹಿಂದಿರುಗಿತು.

"ಹನ್ನೊಂದು ಗಂಟೆಯ ಬಿಸಿಲಿನದು, ದೊಡ್ಡಪ್ಪ. ವಾಪಸು ಬರುತ್ತದೆ ಅಂತ ಗೊತ್ತಿತ್ತು. ಆದರೂ ಆ ವಿಮಾನವನ್ನು ಬಿಡೋದಕ್ಕೆ ಮನಸ್ಸಾಗಲಿಲ್ಲ" ಎಂದಳು.

ಲೆನ್ಸ್ ಮಾರುವ ಮಾತು ಮತ್ತೆ ಏಳಲಿಲ್ಲ. ಫೀಸನ್ನು ತಮ್ಮ ಹೇಗೋ ಹೊಂದಿಸಿದ. ಜೂನ್ ಮೊದಲ ವಾರ ಮಳೆ ಹಿಡಿದ ಸಂಜೆ ಕೊಡೆ ಮಡಿಚುತ್ತ ನಮ್ಮ ಜಗಲಿಗೆ ಬಂದು, ಕೈಯಲ್ಲಿದ್ದ ಸಣ್ಣ ಬಟ್ಟೆಯ ಗಂಟನ್ನು ಬಿಚ್ಚಿ ತೋರಿಸಿದ. ಸಿಲಿಕಾ ಜೆಲ್ಲಿನ ಹರಳುಗಳು ತೇವ ಹೀರಿ ಬಣ್ಣ ತಿರುಗಿದ್ದವು.

"ಅಣ್ಣಯ್ಯ, ಇದನ್ನು ಎಷ್ಟು ಹೊತ್ತು ಬಿಸಿಮಾಡಬೇಕು?" ಎಂದು ಕೇಳಿದ.