ದೇವರಿಗೆ ನಡೆದುಕೊಳ್ಳುವವರು: ಠಾಣೆಯಿಂದ ಒಂದು ಪತ್ರ

ಠಾಣೆ,
ಭಾನುವಾರ

ಬಳ್ಳಾರಿ ಸತ್ಯನಾರಾಯಣಪೇಟೆಯ ಮನೆಯವರಿಗೆ,

ದೇವರನ್ನು ನಂಬದವರು ಧರ್ಮವನ್ನು ಅಳೆಯುವಾಗ ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಳ್ಳುತ್ತಾರೆ: ಅದು ಹೇಳುವುದು ನಿಜವೇ, ಸುಳ್ಳೇ? ಪ್ರಶ್ನೆ ನ್ಯಾಯವಾದದ್ದೇ, ಆದರೆ ಶ್ರದ್ಧೆಯೆಂಬುದು ಮನಸ್ಸಿನೊಳಗಿನ ಒಂದು ಅಭಿಪ್ರಾಯ ಮಾತ್ರ ಎಂಬ ಎಣಿಕೆ ಅದರ ಬೆನ್ನಿಗೇ ಇರುತ್ತದೆ. ದೇವರಕೋಣೆಯ ಹೊಸ್ತಿಲನ್ನು ಓದುವ ವಯಸ್ಸಿನಲ್ಲಿಯೇ ಬಿಟ್ಟುಬಂದ ಈ ಪತ್ರದ ಲೇಖಕನೂ ಅದೇ ಎಣಿಕೆಯೊಂದಿಗೆ ಮುಂಬೈ ಬಳಿಯ ಠಾಣೆ ನಗರಕ್ಕೆ ಬಂದವನು. ಇಲ್ಲಿನ ಧರ್ಮನಿಷ್ಠ ಯೆಹೂದಿ ಕುಟುಂಬವೊಂದರ ಅತಿಥಿಯಾಗಿ ಶುಕ್ರವಾರದ ಸಂಜೆಯಿಂದ ಶನಿವಾರದ ರಾತ್ರಿಯವರೆಗೆ ಕಳೆದ ಮೇಲೆ, ಆ ಎಣಿಕೆ ಅರ್ಧ ಮಾತ್ರ ಸರಿಯೆಂದು ಅವನಿಗೆ ಮನವರಿಕೆಯಾಗಿದೆ.

ಆತಿಥೇಯರ ಸಮುದಾಯದ ಹೆಸರು ಬೆನೆ ಇಸ್ರೇಲ್, ಅಂದರೆ ಹೀಬ್ರೂ ಭಾಷೆಯಲ್ಲಿ ‘ಇಸ್ರೇಲನ ಮಕ್ಕಳು’. ಹಡಗು ಒಡೆದು, ಏಳು ಗಂಡಸರೂ ಏಳು ಹೆಂಗಸರೂ ಬದುಕುಳಿದು, ಆಲಿಬಾಗ್ ಬಳಿಯ ನವಗಾಂವ್ ತೀರವನ್ನು ಸೇರಿದರೆಂದೂ, ಅವರ ಸಂತತಿಯೇ ತಾವೆಂದೂ ಇವರ ಪರಂಪರೆ ಹೇಳುತ್ತದೆ. ಕೊಂಕಣದ ಹಳ್ಳಿಗಳಲ್ಲಿ ನೆಲೆಸಿದ ಇವರು ಮರಾಠಿಯನ್ನು ಮನೆಮಾತಾಗಿಸಿಕೊಂಡರು, ಊರಿನ ಹೆಸರಿಗೆ ‘ಕರ್’ ಸೇರಿಸಿ ದಿವೇಕರ್, ಪೇಣಕರ್, ಕಿಹೀಮಕರ್ ಎಂದು ಅಡ್ಡಹೆಸರಿಟ್ಟುಕೊಂಡರು, ಗಾಣದಲ್ಲಿ ಎಣ್ಣೆ ತೆಗೆಯುವ ಕಸುಬನ್ನು ಹಿಡಿದರು. ಯೆಹೂದಿಗಳ ಸಬ್ಬತ್, ಅಂದರೆ ಏಳನೆಯ ದಿನದ ವಿರಾಮ, ಶನಿವಾರಕ್ಕೆ ಬೀಳುವುದರಿಂದ ಆ ದಿನ ಇವರ ಗಾಣಗಳು ತಿರುಗುತ್ತಿರಲಿಲ್ಲ. ಅದನ್ನು ಕಂಡ ಸುತ್ತಲಿನ ಜನ ಇವರನ್ನು ‘ಶನಿವಾರ್ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು.

ಈ ಹೆಸರಿನಲ್ಲಿ ಅಡಗಿರುವ ಚರಿತ್ರೆಯನ್ನು ನಿಧಾನವಾಗಿ ಗಮನಿಸಬೇಕು. ಇವರ ಬಳಿ ಧರ್ಮಗ್ರಂಥ ಉಳಿದಿರಲಿಲ್ಲ, ಹೀಬ್ರೂ ಭಾಷೆ ಮರೆತುಹೋಗಿತ್ತು, ‘ಶೆಮಾ’ ಎಂಬ ಒಂದು ಪ್ರಾರ್ಥನೆಯ ಹೊರತು ಬಾಯಿಪಾಠಗಳೂ ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಶನಿವಾರದ ಬಿಡುವು, ಎಂಟನೆಯ ದಿನ ಗಂಡುಮಗುವಿಗೆ ಮಾಡುವ ಸುನ್ನತಿ ಮತ್ತು ಆಹಾರದ ಕಟ್ಟಳೆಗಳು ಉಳಿದಿದ್ದವು. ದಾವೀದ್ ರಹಾಬಿ ಎಂಬ ಯೆಹೂದಿ ಇವರನ್ನು ಪರೀಕ್ಷಿಸಲು ಹಲವು ಬಗೆಯ ಮೀನುಗಳನ್ನು ಹೆಂಗಸರ ಮುಂದಿಟ್ಟಾಗ, ಅವರು ಧರ್ಮಸಮ್ಮತವಾದ, ಈಜುರೆಕ್ಕೆಯೂ ಪೊರೆಯೂ ಇರುವ ಮೀನುಗಳನ್ನಷ್ಟೇ ಆರಿಸಿಕೊಂಡರೆಂದೂ, ಆಗ ಆತ ಇವರನ್ನು ತನ್ನವರೆಂದು ಗುರುತಿಸಿದನೆಂದೂ ಒಂದು ಕಥೆ ಸಮುದಾಯದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಪುಸ್ತಕವಿಲ್ಲದ ಕಾಲದಲ್ಲಿ ಧರ್ಮವನ್ನು ಕಾಯ್ದಿದ್ದು ಅಡುಗೆಮನೆಯೂ ಗಾಣದ ಮನೆಯೂ ಎಂಬುದು ಆ ಕಥೆಯ ತಿರುಳು.

ಸಬ್ಬತ್ ಬರುವ ರೀತಿಯನ್ನು ಮನೆಯವರಿಗೆ ವಿವರವಾಗಿ ತಿಳಿಸುವುದು ಅಗತ್ಯ. ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಅಡುಗೆ ಮುಗಿದಿರುತ್ತದೆ. ಮನೆಯೊಡತಿ ದೀಪ ಹಚ್ಚಿ, ಕಣ್ಣಿಗೆ ಕೈ ಮುಚ್ಚಿಕೊಂಡು ಪ್ರಾರ್ಥಿಸುತ್ತಾಳೆ. ಹಿರಿಯರು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ನಂತರ ‘ಕಿದ್ದುಶ್’ ಎಂಬ, ದಿನವನ್ನು ಪವಿತ್ರವೆಂದು ಸಾರುವ ವಿಧಿ ನಡೆಯುತ್ತದೆ. ಅದಕ್ಕೆ ಈ ಸಮುದಾಯದ ಮನೆಗಳಲ್ಲಿ ಒಣದ್ರಾಕ್ಷಿಯನ್ನು ನೆನೆಸಿ ತಯಾರಿಸಿದ ಶರಬತ್ತನ್ನು ಬಳಸುವ ವಾಡಿಕೆಯಿದೆ. ಸೂರ್ಯಾಸ್ತದಿಂದ ಮರುದಿನ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಬೆಂಕಿ ಹೊತ್ತಿಸುವುದು, ಬರೆಯುವುದು, ಹೊಲಿಯುವುದು, ಕೊಯ್ಯುವುದು ಮೊದಲಾಗಿ ಶಾಸ್ತ್ರಕಾರರು ಎಣಿಸಿರುವ 39 ಬಗೆಯ ಕೆಲಸಗಳು ನಿಷಿದ್ಧ. ಅತಿಥಿಗಿದ್ದ ಕೋಣೆಯಲ್ಲಿ ವಿದ್ಯುದ್ದೀಪದ ಗುಂಡಿಯನ್ನು ಯಾರೂ ಮುಟ್ಟಲಿಲ್ಲ, ಮೊಬೈಲುಗಳು ಕಪಾಟಿನೊಳಗೆ ಸೇರಿದ್ದವು, ಹಣದ ಮಾತು ಒಮ್ಮೆಯೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಆತಿಥೇಯರು ಪ್ರಾರ್ಥನೆಗೆ ಹೋದದ್ದು 1879ರಲ್ಲಿ ಕಟ್ಟಿದ, ‘ಸ್ವರ್ಗದ ಬಾಗಿಲು’ ಎಂಬ ಅರ್ಥದ ಶಾರ್ ಹಶಾಮಯೀಮ್ ಸಿನಗಾಗ್‌ಗೆ.

ಊಟವಾದ ಮೇಲಿನ ಬಿಡುವಿನಲ್ಲಿ, ಇಷ್ಟೆಲ್ಲವನ್ನೂ ವಿಧಿಸಿದ ದೇವರು ನಿಜವಾಗಿಯೂ ಇದ್ದಾನೆಂಬ ನಂಬಿಕೆ ಪ್ರತಿ ವಾರವೂ ಒಂದೇ ಸಮನಾಗಿರುತ್ತದೆಯೇ ಎಂದು ಅತಿಥಿ ಕೇಳಿದಾಗ, ಆತಿಥೇಯರು ನೊಂದುಕೊಳ್ಳದೆ ಉತ್ತರಿಸಿದರು. ಮನಸ್ಸು ಏರುತ್ತದೆ, ಇಳಿಯುತ್ತದೆ, ದೀಪ ಹಚ್ಚುವ ಹೊತ್ತು ಮಾತ್ರ ಮನಸ್ಸಿಗೆ ಕಾಯುವುದಿಲ್ಲ ಎಂಬುದು ಅವರ ಉತ್ತರದ ಸಾರ. ಹೀಬ್ರೂವಿನಲ್ಲಿ ಶ್ರದ್ಧೆಗಿರುವ ಪದ ‘ಎಮುನಾ’. ಪ್ರಾರ್ಥನೆಯ ಕೊನೆಯ ‘ಆಮೆನ್’ ಹುಟ್ಟಿದ್ದೂ ಅದೇ ಧಾತುವಿನಿಂದ, ಮತ್ತು ಅದರ ಮೂಲಾರ್ಥ ಸ್ಥಿರತೆ, ಅಲುಗದೆ ನಿಲ್ಲುವಿಕೆ. ವಿಮೋಚನಕಾಂಡದ ಯುದ್ಧಪ್ರಸಂಗದಲ್ಲಿ, ಇಬ್ಬರು ಆಸರೆ ಕೊಟ್ಟದ್ದರಿಂದ ಮೋಶೆಯ ಎತ್ತಿದ ಕೈಗಳು ಸಂಜೆಯವರೆಗೆ ಇಳಿಯದೆ ನಿಂತವೆಂದು ಹೇಳುವಲ್ಲಿ ಬಳಕೆಯಾಗಿರುವುದೂ ಇದೇ ಪದ. ಹಾಗೆಯೇ ಯೆಹೂದಿ ಧರ್ಮನಿಯಮಗಳ ಒಟ್ಟು ಹೆಸರು ‘ಹಲಾಖಾ’, ಅದು ‘ನಡೆ’ ಎಂಬ ಅರ್ಥದ ಧಾತುವಿನಿಂದ ಬಂದದ್ದು.

ಈ ಎರಡನೆಯ ಪದವನ್ನು ಕೇಳಿದಾಗ ಬಳ್ಳಾರಿ ಸೀಮೆಯ ಮಾತು ನೆನಪಾಗದೆ ಇರಲು ಸಾಧ್ಯವಿರಲಿಲ್ಲ. ಅಲ್ಲಿ ಒಂದು ಮನೆತನದ ಭಕ್ತಿಯನ್ನು ಹೇಳುವಾಗ ‘ಅವರು ಆ ದೇವರನ್ನು ನಂಬುತ್ತಾರೆ’ ಎನ್ನುವುದಕ್ಕಿಂತ ‘ಅವರು ಆ ದೇವರಿಗೆ ನಡಕೊಳ್ತಾರ’ ಎನ್ನುವುದೇ ರೂಢಿ. ಶ್ರದ್ಧೆ ನಡೆಯಲ್ಲಿದೆ ಎಂಬುದನ್ನು ಅತಿಥಿ ಠಾಣೆಯವರೆಗೆ ಬಂದು ಕಲಿಯಬೇಕಾಯಿತು. ಅಜ್ಜಿಯ ಮಾತಿನಲ್ಲಿ ಅದು ಮೊದಲಿನಿಂದಲೂ ಇತ್ತು.

ಕನ್ನಡ ನಾಡಿಗೂ ಈ ಸಮುದಾಯಕ್ಕೂ ಹಳೆಯ ನಂಟೊಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸಾಮಾಜಿ ಹಸ್ಸಾಜಿ ದಿವೇಕರ್, ಅಂದರೆ ಸಾಮ್ಯುಯೆಲ್ ಎಝೆಕಿಯೆಲ್, ಎರಡನೆಯ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿದನು. ಸೆರೆಹಿಡಿದವನು ಟಿಪ್ಪು ಸುಲ್ತಾನ್, ಬಳ್ಳಾರಿಯ ಕೆಳಕೋಟೆಯನ್ನು ಕಟ್ಟಿಸಿದ ಹೈದರಾಲಿಯ ಮಗ. ‘ಬನೀ ಇಸ್ರಾಯೀಲ್’ ಎಂಬ ಹೆಸರು ಕುರಾನಿನಲ್ಲಿ ಬರುವುದನ್ನು ಅರಿತಿದ್ದ ಟಿಪ್ಪುವಿನ ತಾಯಿ ದಿವೇಕರನ ಜೀವ ಉಳಿಸಿದಳೆಂದು ಸಮುದಾಯ ನೆನೆಯುತ್ತದೆ. ಬಿಡುಗಡೆಯಾಗಿ ಮುಂಬೈಗೆ ಮರಳಿದ ದಿವೇಕರ್ 1796ರಲ್ಲಿ ಕಟ್ಟಿಸಿದ ಸಿನಗಾಗೇ ಆ ನಗರದ ಮೊದಲನೆಯದು, ಅದರ ಹೆಸರು ಶಾರ್ ಹರಾಹಮೀಮ್, ‘ಕರುಣೆಯ ಬಾಗಿಲು’. ಸೆರೆಯಿಂದ ಬಂದವನು ಕೃತಜ್ಞತೆಯನ್ನು ಮಾತಿನಲ್ಲಿ ಮುಗಿಸದೆ ಕಲ್ಲಿನಲ್ಲಿ ನಿಲ್ಲಿಸಿದನು.

ಆದರೆ ಪತ್ರದ ಲೇಖಕನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಧರ್ಮೋಪದೇಶಕಾಂಡದ ಸಬ್ಬತ್ ವಿಧಿ. ಅದು ಒಡೆಯನಿಗೆ ಮಾತ್ರ ಬಿಡುವು ಕೊಡುವುದಿಲ್ಲ. ಆಳು, ಎತ್ತು, ಕತ್ತೆ, ಊರಿನಲ್ಲಿರುವ ಪರದೇಶಿ, ಎಲ್ಲರಿಗೂ ಅದೇ ದಿನ ಬಿಡುವು ಸಿಗಬೇಕೆನ್ನುತ್ತದೆ, ಏಕೆಂದರೆ ಕೇಳಿಸಿಕೊಳ್ಳುತ್ತಿರುವವರೂ ಒಮ್ಮೆ ಈಜಿಪ್ಟಿನಲ್ಲಿ ದಾಸರಾಗಿದ್ದವರು. ದೊಡ್ಡಬಸವೇಶ್ವರನ ಕುರುಗೋಡಿನಲ್ಲಿಯೂ ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿಯೂ ಬಸವಣ್ಣನ ವಾರವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಪದ್ಧತಿ ಇದರದೇ ಒಡಹುಟ್ಟಿದಂತಿದೆ. ಆ ಪದ್ಧತಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದವರಲ್ಲಿ ಈ ಲೇಖಕನೂ ಒಬ್ಬನಾಗಿದ್ದನು. ಈಗ ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಯಂತ್ರಕ್ಕೆ ಸೋಮವಾರವಿಲ್ಲ, ಅದನ್ನು ನಡೆಸುವವನಿಗೂ ಇಲ್ಲ; ಎತ್ತಿಗೆ ದೇವರ ಹೆಸರಿನಲ್ಲಿ ಸಿಗುತ್ತಿದ್ದ ಬಿಡುವು ಬಳ್ಳಾರಿಯ ಜೀನ್ಸ್ ಹೊಲಿಯುವ ಕೈಗಳಿಗೆ ಯಾರ ಹೆಸರಿನಲ್ಲಿ ಸಿಗಬೇಕೆಂಬ ಪ್ರಶ್ನೆ ದೇವರನ್ನು ನಂಬದವರದೂ ಆಗಬೇಕು.

ಈ ಎರಡು ದಿನಗಳಿಂದ ಲೇಖಕನು ದೈವಭಕ್ತನಾಗಿಲ್ಲವೆಂಬುದನ್ನೂ ಹೇಳಬೇಕು. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ‘ಮಿನ್ಯಾನ್’ ಎಂಬ ಹತ್ತು ಜನರ ಕೋರಂಗೆ ಈ ಪರಂಪರೆ ಗಂಡಸರನ್ನಷ್ಟೇ ಎಣಿಸುವುದನ್ನು ಅವನು ಒಪ್ಪಲಾರನು, ಹಾಗೆಂದು ಆತಿಥೇಯರಿಗೆ ಹೇಳಿಯೂ ಇದ್ದಾನೆ. ನಡೆಯನ್ನು ಕಾಯ್ದವರಿಗೆ ಗ್ರಂಥನಿಷ್ಠರಿಂದ ಅನ್ಯಾಯವಾಗುವುದೂ ಉಂಟು: 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಅಲ್ಲಿಗೆ ಹೋಗಿ ನೆಲೆಸಿದ ಬೆನೆ ಇಸ್ರೇಲರ ಯೆಹೂದಿತನವನ್ನೇ ಅಲ್ಲಿನ ಧರ್ಮಾಧಿಕಾರಿಗಳು ಶಂಕಿಸಿದರು, ಅವರು ಪ್ರತಿಭಟಿಸಬೇಕಾಯಿತು, ಎಲ್ಲ ವಿಧದಲ್ಲಿಯೂ ಅವರು ಯೆಹೂದಿಗಳೇ ಎಂಬ ಮಾನ್ಯತೆ 1964ರಲ್ಲಿ ದೊರೆಯಿತು.

ಕೊನೆಯದಾಗಿ ಮನೆಯವರಲ್ಲಿ ಒಂದು ಬಿನ್ನಹ. ಲೇಖಕನು ಊರಿಗೆ ಮರಳಿದ ಮೇಲೆ ಅಜ್ಜಿಯ ಸೋಮವಾರದ ಆಚರಣೆಯನ್ನು ಕುರಿತು ಮತ್ತೆ ವಾದ ಹೂಡುವುದಿಲ್ಲ; ಮನೆಗೆಲಸಕ್ಕೆ ಬರುವಾಕೆಗೆ ವಾರದಲ್ಲಿ ಒಂದು ದಿನ ಸಂಬಳ ಕಡಿಯದೆ ಬಿಡುವು ಕೊಡುವ ನೇಮವನ್ನು ಮನೆ ಇಂದಿನಿಂದಲೇ ಹಿಡಿಯಲಿ, ಮತ್ತು ಆ ದಿನ ಯಾವುದೆಂಬುದನ್ನು ಆಕೆಯೇ ಆರಿಸಿಕೊಳ್ಳಲಿ.