ವಸಡಿನಲ್ಲಿ ರಕ್ತ ಕಂಡಾಗ

ಕಡಕ್ ರೊಟ್ಟಿಯನ್ನು ಹಾಲಿನಲ್ಲಿಯೋ ಬೇಳೆಯ ಕಟ್ಟಿನಲ್ಲಿಯೋ ನೆನೆಹಾಕಿ ಉಣ್ಣುವ ಹಿರಿಯರು ಗೂಗಲ್, ದೇವದುರ್ಗ, ಮಾನ್ವಿಯ ಕಡೆಯ ಮನೆಗಳಲ್ಲಿ ಅಪರೂಪವಲ್ಲ. ವಯಸ್ಸಾಯಿತು, ಹಲ್ಲು ಹೋದವು ಎಂದು ಅವರೂ ಸುಮ್ಮನಾಗುತ್ತಾರೆ, ನಾವೂ ಸುಮ್ಮನಾಗುತ್ತೇವೆ. ಆದರೆ ವಯಸ್ಸೊಂದೇ ಹಲ್ಲನ್ನು ಬೀಳಿಸುವುದಿಲ್ಲ. ಅನೇಕ ಸಲ ಆ ಕೆಲಸ ವಸಡಿನ ರೋಗದ್ದು. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನ ಇದರ ತೀವ್ರ ರೂಪದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಅಂದಾಜಿಸಿದೆ.

ನಮ್ಮ ಅತ್ತಿಗೆಯವರ ಮಾತನ್ನೇ ಹೇಳುತ್ತೇವೆ. ಪ್ರಭುವಿನ ದರ್ಶನಕ್ಕೆಂದು ಗೂಗಲ್‌ಗೆ ಹೋದಾಗ ಅವರ ಮನೆಯಲ್ಲಿ ಉಳಿದಿದ್ದೆವು. ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಬಾಯಿ ಮುಕ್ಕಳಿಸಿದ ನೀರು ಕೆಂಪಾಗಿತ್ತು. "ಹಲ್ಲು ತಿಕ್ಕಿದರ ರಕ್ತ ಬರ್ತದ, ಅದಕ್ಕ ತಿಕ್ಕೋದು ಬಿಟ್ಟೀನ್ರೀ" ಎಂದರು. ದವಾಖಾನೆಗೆ ಹೋಗೋಣವೆಂದರೆ, "ಯಂತ್ರ ಹಚ್ಚಿ ತೊಳದರ ಇದ್ದ ಹಲ್ಲೂ ಅಲಗಾಡ್ತಾವಂತ" ಎಂಬ ಉತ್ತರ.

ಈ ಭಯ ಅವರೊಬ್ಬರದಲ್ಲವಾದ್ದರಿಂದ ತುಸು ವಿವರಿಸಬೇಕು. ಹಲ್ಲು ಮತ್ತು ವಸಡು ಕೂಡುವಲ್ಲಿ ದಿನವೂ ತೆಳುವಾದ ಪಾಚಿ ಕಟ್ಟುತ್ತದೆ. ತಿಕ್ಕಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ ಕೆಲವೇ ದಿನಗಳಲ್ಲಿ ಅದು ಕಲ್ಲಿನಂತಾಗುತ್ತದೆ. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳಿಂದ ವಸಡು ಊದಿ ಕೆಂಪಾಗಿ ರಕ್ತ ಜಿನುಗುತ್ತದೆ. ಈ ಹಂತದಲ್ಲಿ ಸ್ವಚ್ಛ ಮಾಡಿಸಿಕೊಂಡರೆ ವಸಡು ಮೊದಲಿನಂತಾಗುತ್ತದೆ. ಬಿಟ್ಟರೆ ಅದು ಹಲ್ಲಿನಿಂದ ಬಿಡಿಸಿಕೊಂಡು ಚೀಲದಂತಾಗುತ್ತದೆ. ಒಳಗಿನ ದವಡೆಯ ಎಲುಬು ನೋವಿಲ್ಲದೆಯೇ ಸವೆಯುತ್ತದೆ. ಸವೆದ ಎಲುಬು ತಾನಾಗಿ ಮತ್ತೆ ಬೆಳೆಯದು. ಹಲ್ಲು ಸಡಿಲವಾಗುವುದು ಆ ಎಲುಬು ಹೋದದ್ದರಿಂದಲೇ. ಸಂದುಗಳಲ್ಲಿ ತುಂಬಿದ ಕಲ್ಲು ಆ ಸಡಿಲವನ್ನು ಮರೆಮಾಡಿರುತ್ತದೆ. ಅದನ್ನು ತೆಗೆದಾಗ ಸತ್ಯ ಕಾಣುತ್ತದೆ, ಅಪವಾದ ಯಂತ್ರದ ಮೇಲೆ ಬರುತ್ತದೆ!

ಸಕ್ಕರೆ ಕಾಯಿಲೆಗೂ ವಸಡಿಗೂ ಎರಡೂ ಕಡೆಯ ನಂಟು. ರಕ್ತದ ಸಕ್ಕರೆ ಏರಿದರೆ ವಸಡು ಬೇಗ ಕೆಡುತ್ತದೆ. ವಸಡಿನ ಉರಿಯೂತ ಹೆಚ್ಚಿದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ವಸಡಿಗೆ ಚಿಕಿತ್ಸೆಯಾದ ಮೇಲೆ ಮೂರು ತಿಂಗಳ ಸರಾಸರಿ ಸಕ್ಕರೆ ತುಸು ಇಳಿಯುವುದುಂಟು. ಬೀಡಿ ಸೇದುವವರ ಕತೆ ಇನ್ನೂ ಮೋಸದ್ದು: ಹೊಗೆಯಿಂದ ರಕ್ತನಾಳಗಳು ಕುಗ್ಗಿ ರಕ್ತ ಕಾಣಿಸದೆ ರೋಗ ಒಳಗೊಳಗೇ ಬಲಿಯುತ್ತದೆ. ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ತಾಯಂದಿರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅದು ವಸಡಿಗಷ್ಟೇ ಅಲ್ಲ, ಬಾಯಿಯ ಕ್ಯಾನ್ಸರಿಗೂ ದಾರಿ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನೇ ಸವೆಸುತ್ತವೆ. ಬೇವಿನ ಕಡ್ಡಿಯನ್ನು ನಾವು ದೂರುವುದಿಲ್ಲ. ತುದಿಯನ್ನು ಚೆನ್ನಾಗಿ ಅಗಿದು ಮೆದುಮಾಡಿಕೊಂಡಿರಬೇಕು, ಅಷ್ಟೇ. ಉಪ್ಪು ಬೆರೆಸಿದ ಬಿಸಿನೀರು ಹಿತ ಕೊಡುತ್ತದೆ, ಕಲ್ಲನ್ನು ಕರಗಿಸದು.

ರಾಯಚೂರಿನಲ್ಲಿ ಎ.ಎಂ.ಇ. ಮತ್ತು ನವೋದಯ ಎಂಬ ದಂತ ಮಹಾವಿದ್ಯಾಲಯಗಳಿವೆ. ನಾವು ಹಟ ಹಿಡಿದು ಅತ್ತಿಗೆಯವರನ್ನು ನಗರದ ದಂತವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ಮೊದಲು ಸಕ್ಕರೆಯ ಪರೀಕ್ಷೆ ಮಾಡಿಸಿ, ಎಕ್ಸ್‌ರೇ ತೆಗೆದು, ಮರಗಟ್ಟಿಸುವ ಸೂಜಿ ಕೊಟ್ಟು ಬೇರಿನವರೆಗೂ ಸ್ವಚ್ಛ ಮಾಡಿದರು. ಎರಡು ಹಲ್ಲು ಉಳಿಯಲಿಲ್ಲ. ಮಿಕ್ಕವು ನಿಂತಿವೆ. ಮೆದು ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ದಿನಕ್ಕೆರಡು ಸಲ ತಿಕ್ಕುವುದನ್ನೂ, ರಕ್ತ ಬಂದರೆ ತಿಕ್ಕುವುದನ್ನು ನಿಲ್ಲಿಸಬಾರದೆಂಬುದನ್ನೂ ಅಲ್ಲಿಯೇ ಕಲಿತರು.

ಈಗ ಮೂರು ತಿಂಗಳಿಗೊಮ್ಮೆ ತಾವೇ ರಾಯಚೂರಿನ ಬಸ್ಸು ಹತ್ತುತ್ತಾರೆ. ಕಳೆದ ಸಲ ಬಸಿರಿ ಸೊಸೆಯನ್ನೂ ಜೊತೆಗೆ ಕರೆದೊಯ್ದರು. ಗರ್ಭಿಣಿಯರಲ್ಲಿ ವಸಡು ಊದುವುದು ಸಾಮಾನ್ಯ. ಆ ಕಾಲದಲ್ಲಿಯೂ ಹಲ್ಲು ಸ್ವಚ್ಛ ಮಾಡಿಸಿಕೊಳ್ಳಲು ಅಡ್ಡಿಯಿಲ್ಲವೆಂದು ವೈದ್ಯರು ಹೇಳಿದ್ದನ್ನು ಓಣಿಯ ಹೆಣ್ಣುಮಕ್ಕಳಿಗೆಲ್ಲ ಅವರೇ ಹೇಳಿಬಂದಿದ್ದಾರೆ.